ಪಿಯರ್ಸ್ ದ್ವೀಪದ ಕಡೆಗೆ ಆರು ದಿನ

ಮೊದಲ ದಿನ

ದ್ವೀಪ ನೋಡಬೇಕೆಂದು ಹೊರಟವರು ಸಮುದ್ರಕ್ಕೆ ಬೆನ್ನು ಹಾಕಿ ಬೆಟ್ಟದ ದಾರಿ ಹಿಡಿದೆವು. ಅಳಿಯಂದಿರಿಗೆ ಇದು ವಿಚಿತ್ರವಾಗಿ ಕಂಡಿತು. ಕೆನಡಾದ ಪಶ್ಚಿಮ ಕರಾವಳಿಯ ಪಿಯರ್ಸ್ ದ್ವೀಪಕ್ಕೆ ಬರ್ನಬಿಯ ಮಗಳ ಮನೆಯಿಂದ ಅರ್ಧ ದಿನದ ಹಾದಿ. ನಾನೋ ಐನೂರು ಕಿಲೋಮೀಟರಿಗೂ ಹೆಚ್ಚು ಒಳನಾಡಿಗೆ ಹೋಗಬೇಕೆಂದು ಹಟ ಹಿಡಿದಿದ್ದೆ. "ಅವರನ್ನು ಹಿಡಿದ ಊರಿನಿಂದ ಹೊರಡೋಣ. ಕೂಡಿ ಹಾಕಿದ ಜಾಗ ಕೊನೆಗಿರಲಿ" ಎಂದೆ. ಮಗಳು ನಕ್ಕು, "ಆಯಿ ಪಾಠದ ಟಿಪ್ಪಣಿ ಬರೆದುಕೊಂಡೇ ಬಂದಿದ್ದಾಳೆ, ಸುಮ್ಮನೆ ಹೊರಡಿ" ಎಂದು ಗಂಡನಿಗೆ ಹೇಳಿದಳು.

ಟಿಪ್ಪಣಿ ಬರೆದುಕೊಂಡಿದ್ದು ನಿಜ. 2024ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರ ದುಖೋಬೋರ್ ಎಂಬ ರಷ್ಯನ್ ಮೂಲದ ಪಂಥವೊಂದರ ಒಂದು ಪಂಗಡದವರ ಕ್ಷಮೆ ಕೇಳಿತು. 1931ರಿಂದ 1959ರವರೆಗೆ ಆ ಜನರೊಡನೆ, ಮುಖ್ಯವಾಗಿ ಅವರ ಮಕ್ಕಳೊಡನೆ, ನಡೆದುಕೊಂಡ ರೀತಿಗಾಗಿ ಕೇಳಿದ ಕ್ಷಮೆ ಅದು. ತಂದೆತಾಯಿಯರನ್ನು ದ್ವೀಪದ ಜೈಲಿಗೆ ಹಾಕಿದ್ದು, ಶಾಲೆಗೆ ಕಳುಹಿಸಲಿಲ್ಲವೆಂದು ಮಕ್ಕಳನ್ನು ಎತ್ತಿಕೊಂಡು ಹೋದದ್ದು ಎಲ್ಲ ಆ ಸುದ್ದಿಯಲ್ಲಿತ್ತು. ಸಿದ್ದಾಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು ನಾನು. ಶಾಲೆ ಬಿಟ್ಟ ಮಕ್ಕಳನ್ನು ಕರೆತರಲು ಗದ್ದೆ ಬದುವಿನ ಮೇಲೆ ಎಷ್ಟು ನಡೆದಿದ್ದೇನೋ ಲೆಕ್ಕವಿಲ್ಲ. ಶಾಲೆಯ ಹೆಸರಿನಲ್ಲಿ ನಡೆದ ಈ ಕೆಲಸದ ಸುದ್ದಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜೂನ್ ಬಂದು ಮೊಮ್ಮಗನಿಗೆ ಶಾಲೆಗೆ ರಜೆ ಸಿಕ್ಕಿದ್ದೇ ಹೊರಟೆವು.

ಹೋಪ್ ದಾಟಿದ ಮೇಲೆ ಮೂರನೇ ಹೆದ್ದಾರಿ. ಮ್ಯಾನಿಂಗ್ ಪಾರ್ಕಿನ ಕತ್ತಲುಗಟ್ಟಿದ ಕಾಡು, ಅದು ಮುಗಿದರೆ ಒಸೋಯೂಸಿನ ಬೋಳು ಗುಡ್ಡ, ದ್ರಾಕ್ಷಿ ತೋಟ. ಸಂಜೆಗೆ ಗ್ರ್ಯಾಂಡ್ ಫೋರ್ಕ್ಸ್ ತಲುಪಿದಾಗ ಎಲ್ಲರಿಗೂ ಹಸಿವು. ಮಾಂಸ ತಿನ್ನದ ನನಗೆ ಈ ದೇಶದ ಸಣ್ಣ ಊರುಗಳಲ್ಲಿ ಬ್ರೆಡ್ಡು, ಆಲೂಗಡ್ಡೆಯೇ ಗತಿ. ಇಲ್ಲಿ ಮಾತ್ರ ಹಾಗಾಗಲಿಲ್ಲ. ದುಖೋಬೋರರು 1890ರ ದಶಕದಲ್ಲೇ ಮಾಂಸ, ಮದ್ಯ, ತಂಬಾಕು ಬಿಟ್ಟವರು. ಅವರ ಬೋರ್ಷ್ ಎಂಬ ಸಾರು ಬಟ್ಟಲಲ್ಲಿ ಬಂತು. ಎಲೆಕೋಸು, ಆಲೂಗಡ್ಡೆ, ಟೊಮೆಟೊ, ಧಾರಾಳವಾಗಿ ಬೆಣ್ಣೆ, ಕೆನೆ, ಮೇಲೆ ಸಬ್ಬಸಿಗೆ ಸೊಪ್ಪು. ಸಬ್ಬಸಿಗೆಯ ಘಮ ಮೂಗಿಗೆ ಬಡಿದಾಗ ಊರ ಅಡುಗೆಮನೆ ನೆನಪಾಗಿ ಗಂಟಲು ಕಟ್ಟಿತು. ಮೊಮ್ಮಗ ಎರಡು ಸಲ ಹಾಕಿಸಿಕೊಂಡ.

ದುಖೋಬೋರ್ ಎಂಬುದು ಅವರು ತಾವೇ ಇಟ್ಟುಕೊಂಡ ಹೆಸರಲ್ಲ. 1785ರಲ್ಲಿ ರಷ್ಯಾದ ಆರ್ಚ್‌ಬಿಷಪ್ ಒಬ್ಬರು ಬೈಗುಳವಾಗಿ ಕೊಟ್ಟದ್ದು. ಪವಿತ್ರಾತ್ಮದ ವಿರುದ್ಧ ಸೆಣಸುವವರು ಎಂದು ಅದರ ಅರ್ಥ. ಇವರು ಅದನ್ನೇ ತಿರುಗಿಸಿ, ಹೌದು, ನಾವು ಆತ್ಮದ ಬಲದಿಂದಲೇ ಸೆಣಸುವವರು ಎಂದರು. ಚರ್ಚು ಬೇಡ, ಪಾದ್ರಿ ಬೇಡ, ಪಟ ಬೇಡ, ದೇವರು ಇರುವುದು ಮನುಷ್ಯನೊಳಗೆ. ಅದಕ್ಕೇ ಅವರು ಪ್ರಾರ್ಥನೆಯಲ್ಲಿ ಒಬ್ಬರಿಗೊಬ್ಬರು ತಲೆಬಾಗಿ ನಮಿಸುತ್ತಾರೆ, ಅದಕ್ಕೇ ಕೊಲ್ಲುವುದಿಲ್ಲ. ದೇಹವೇ ದೇಗುಲ ಎಂದ ನಾಡಿನವಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. 1895ರ ಜೂನ್ ಕೊನೆಯಲ್ಲಿ ಕಾಕಸಸ್ ಸೀಮೆಯ ಮೂರು ಕಡೆ ತಮ್ಮಲ್ಲಿದ್ದ ಬಂದೂಕು, ಕತ್ತಿಗಳನ್ನೆಲ್ಲ ರಾಶಿ ಹಾಕಿ, ಕೀರ್ತನೆ ಹಾಡುತ್ತ ಸುಟ್ಟರು. ಝಾರನ ಕೊಸಾಕರು ಕುದುರೆ ಏರಿ ಬಂದು ಚಾಟಿಯಿಂದ ಬಾರಿಸಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ಮನೆಮಠ ಬಿಡಿಸಿ ಜಾರ್ಜಿಯಾದ ಹಳ್ಳಿಗಳಿಗೆ ಚದುರಿಸಲಾಯಿತು. ಹಲವರು ರೋಗ, ಹಸಿವಿನಿಂದ ಅಲ್ಲೇ ತೀರಿಕೊಂಡರು.

ಪಕ್ಕದ ಮೇಜಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಮಗಳೊಡನೆ ಮಾತಿಗಿಳಿದರು. ನಾವು ಪಿಯರ್ಸ್ ದ್ವೀಪಕ್ಕೆ ಹೋಗುವವರೆಂದು ತಿಳಿದಾಗ ಅವರ ಮುಖ ಸ್ವಲ್ಪ ಬಿಗಿಯಿತು. "ಅವರು ಬೇರೆ, ನಾವು ಬೇರೆ. ಬೆಂಕಿ ಇಟ್ಟದ್ದು, ಬಟ್ಟೆ ಬಿಚ್ಚಿದ್ದು ನಾವಲ್ಲ. ಆದರೆ ಜನ ನಮ್ಮನ್ನೂ ಹಾಗೇ ನೋಡಿದರು" ಎಂದರು. ಬಿಲ್ಲು ಕೊಟ್ಟು ಹೊರಡುವಾಗ ತಿರುಗಿ ಬಂದು, ಮೊಮ್ಮಗನ ತಲೆ ಸವರಿ, "ಮಕ್ಕಳದ್ದೇನೂ ತಪ್ಪಿರಲಿಲ್ಲ, ಅದು ಮಾತ್ರ ನಿಜ" ಎಂದು ಹೇಳಿ ಹೋದರು.

ಎರಡನೇ ದಿನ

ಗ್ರ್ಯಾಂಡ್ ಫೋರ್ಕ್ಸಿನಿಂದ ಕ್ಯಾಸಲ್‌ಗಾರ್ ಸುಮಾರು ನೂರು ಕಿಲೋಮೀಟರ್. ಈ ಎರಡು ಊರುಗಳ ನಡುವಿನ ಹಳೆಯ ರೈಲು ದಾರಿಯಲ್ಲಿ ಫ್ಯಾರನ್ ಎಂಬ ಜಾಗವಿದೆ. 1924ರ ಅಕ್ಟೋಬರ್ 29ರ ನಡುರಾತ್ರಿ ಅಲ್ಲಿ ರೈಲಿನ ಡಬ್ಬಿಯೊಂದು ಸ್ಫೋಟಗೊಂಡು ದುಖೋಬೋರರ ನಾಯಕ ಪೀಟರ್ ವೆರಿಗಿನ್ ಸೇರಿ ಒಂಬತ್ತು ಮಂದಿ ಸತ್ತರು. ಯಾರು ಮಾಡಿದ್ದೆಂದು ಇಂದಿಗೂ ಇತ್ಯರ್ಥವಾಗಿಲ್ಲ.

ಈ ಜನ ಕೆನಡಾಕ್ಕೆ ಬಂದದ್ದು 1899ರಲ್ಲಿ, ಸುಮಾರು 7,500 ಮಂದಿ. ಹಡಗಿನ ಖರ್ಚಿಗೆ ಟಾಲ್‌ಸ್ಟಾಯ್ ತಮ್ಮ ಕಾದಂಬರಿಯ ಸಂಭಾವನೆಯನ್ನು ಕೊಟ್ಟರು, ಯುದ್ಧವನ್ನು ಒಪ್ಪದ ಕ್ರೈಸ್ತ ಪಂಥದವರಾದ ಕ್ವೇಕರರು ಕೈಜೋಡಿಸಿದರು. ಮೊದಲು ಸಿಕ್ಕಿದ್ದು ಸಾಸ್ಕಾಚೆವಾನಿನ ಬಯಲು. ಜಮೀನು ಹೆಸರಿಗೆ ಆಗಬೇಕಾದರೆ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕೆಂದು ಸರ್ಕಾರ ಹೇಳಿತು. ಪ್ರಮಾಣ ಮಾಡಿದರೆ ನಾಳೆ ಬಂದೂಕು ಹಿಡಿ ಎಂದರೂ ಹಿಡಿಯಬೇಕಾದೀತೆಂದು ಬಹಳ ಮಂದಿ ಒಪ್ಪಲಿಲ್ಲ. 1907ರಲ್ಲಿ ಉತ್ತು ಹದ ಮಾಡಿದ್ದ ನೆಲ ಕೈಬಿಟ್ಟಿತು. ಮರುವರ್ಷದಿಂದ ಈ ಕೂಟ್ನಿ, ಕೊಲಂಬಿಯಾ ನದಿಗಳು ಕೂಡುವ ಕಣಿವೆಗೆ ಬಂದು, ದುಡ್ಡು ಕೊಟ್ಟು ನೆಲ ಕೊಂಡು, ಕಾಡು ಕಡಿದು, ಹಣ್ಣಿನ ತೋಟ ಎಬ್ಬಿಸಿದರು. ಸಂಗಮದ ಊರಿಗೆ ಬ್ರಿಲಿಯಂಟ್ ಎಂದು ಹೆಸರಾಯಿತು. ಅವರ ಜಾಮ್ ಕಾರ್ಖಾನೆ ಪ್ರಾಂತ್ಯದಲ್ಲೆಲ್ಲ ಹೆಸರು ಮಾಡಿತ್ತು.

ಬ್ರಿಲಿಯಂಟಿನ ತೂಗುಸೇತುವೆಯನ್ನು ನಾವು ನಡೆದು ದಾಟಿದೆವು. 1913ರಲ್ಲಿ ದುಖೋಬೋರರೇ ಕೈಯಾರೆ ಕಟ್ಟಿದ್ದು. ದಪ್ಪ ಕಾಂಕ್ರೀಟಿನ ಗೋಪುರದ ಮೇಲೆ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಇದೆ: ಈ ಸೇತುವೆಯ ಮೇಲೆ ಧೂಮಪಾನ ಮಾಡುವುದನ್ನೂ ಬಂದೂಕು ಹಿಡಿದು ಹಾಯುವುದನ್ನೂ ಕಡ್ಡಾಯವಾಗಿ ನಿಷೇಧಿಸಲಾಗಿದೆ. ಮೊಮ್ಮಗ ಅದನ್ನು ಅಕ್ಷರ ಕೂಡಿಸಿ ಓದಿ, "ಪೊಲೀಸರು ಬಂದರೆ?" ಎಂದು ಕೇಳಿದ. ಕೆಳಗೆ ಕೂಟ್ನಿ ನದಿ ಹಸಿರಾಗಿ, ಸದ್ದಿಲ್ಲದೆ, ಭಾರವಾಗಿ ಹರಿಯುತ್ತಿತ್ತು. ಅವನ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ.

ಗುಡ್ಡದ ಮೇಲೆ ವೆರಿಗಿನ್ ಸಮಾಧಿ. ಕೆತ್ತನೆಯ ಕಲ್ಲು ಮೊದಲಿದ್ದುದನ್ನು ಸಿಡಿಮದ್ದಿಟ್ಟು ಒಡೆದರು, ಮತ್ತೆ ಕಟ್ಟಿದ್ದಕ್ಕೂ ಸಿಡಿಮದ್ದು ಇಡಲಾಯಿತು. ಈಗ ಉಳಿದಿರುವುದು ಸರಳವಾದ ಕಾಂಕ್ರೀಟಿನ ಹಾಸು, ಸುತ್ತ ಹೂವಿನ ಪಾತಿ. ವಿಮಾನ ನಿಲ್ದಾಣದ ಹತ್ತಿರದ ವಸ್ತುಸಂಗ್ರಹಾಲಯದಲ್ಲಿ ಅವರ ಹಳ್ಳಿಯನ್ನು ಮರುನಿರ್ಮಿಸಿದ್ದಾರೆ. ಒಂದೊಂದು ಹಳ್ಳಿಗೆ ಎರಡು ದೊಡ್ಡ ಮನೆ, ಒಂದೊಂದು ಮನೆಯಲ್ಲಿ ಮೂವತ್ತು ನಲವತ್ತು ಜನ, ಒಂದೇ ಅಡುಗೆ, ಒಂದೇ ಹಜಾರ. ನಮ್ಮ ಕಡೆಯ ಅವಿಭಕ್ತ ಕುಟುಂಬದ ಮನೆಗಳನ್ನು ನೋಡಿದವರಿಗೆ ಇದು ಹೊಸದಲ್ಲ. ಆದರೆ ಇಲ್ಲಿ ಯಜಮಾನನ ಆಸ್ತಿ ಎಂಬುದಿರಲಿಲ್ಲ, ಎಲ್ಲ ಸಮುದಾಯದ್ದು. ಮೇಜಿನ ಮೇಲೆ ರೊಟ್ಟಿ, ಉಪ್ಪು, ನೀರಿನ ಹೂಜಿ ಇಟ್ಟಿದ್ದರು. ಅವರ ಪ್ರಾರ್ಥನೆಗೆ ಬೇಕಾದದ್ದು ಇಷ್ಟೇ. ಪುಸ್ತಕವೂ ಬೇಡ. ಕೀರ್ತನೆಗಳು ತಾಯಿಯ ಬಾಯಿಂದ ಮಗುವಿನ ಕಿವಿಗೆ ಬಂದವು, ವಾದ್ಯವಿಲ್ಲದೆ ಹಾಡುವಂಥವು. ಧ್ವನಿಮುದ್ರಿಕೆ ಹಾಕಿದ್ದರು. ಒಂದು ಸ್ವರವನ್ನು ಎಳೆದೆಳೆದು, ಗಂಡಸರ ಧ್ವನಿಯ ಮೇಲೆ ಹೆಂಗಸರ ಧ್ವನಿ ಏರಿ, ಪದ ಎಲ್ಲಿ ಮುಗಿಯಿತೆಂದು ತಿಳಿಯದ ಹಾಗೆ ಹೋಗುತ್ತದೆ. ಮಾತು ತಿಳಿಯದಿದ್ದರೂ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ಹೊರಗೆ ಟಾಲ್‌ಸ್ಟಾಯ್ ಅವರ ದೊಡ್ಡ ಪ್ರತಿಮೆ ಇದೆ. ಅದರ ಮುಂದೆ ನಾನು ನಿಂತದ್ದು ಬೇರೊಂದು ಕಾರಣಕ್ಕೆ. ಈ ಜನರ ಬೆನ್ನಿಗೆ ನಿಂತ ಟಾಲ್‌ಸ್ಟಾಯ್ ಜೊತೆ ಗಾಂಧೀಜಿ 1909-10ರಲ್ಲಿ ಪತ್ರ ಬರೆದುಕೊಂಡರು, ದಕ್ಷಿಣ ಆಫ್ರಿಕಾದ ತಮ್ಮ ಆಶ್ರಮಕ್ಕೆ ಅವರ ಹೆಸರಿಟ್ಟರು. ಗಾಂಧೀಜಿಯ ಮಾತು ನಂಬಿ ನನ್ನ ಸಿದ್ದಾಪುರದ ರೈತರು, ಅಂಕೋಲೆಯ ರೈತರು ಕರ ಕೊಡುವುದಿಲ್ಲವೆಂದರು, ಜಮೀನು ಕಳೆದುಕೊಂಡರು, ಹಿಂಡಲಗಾ ಜೈಲು ಕಂಡರು. ಹಸುಗೂಸು ಎತ್ತಿಕೊಂಡೇ ಜೈಲಿಗೆ ಹೋದ ಹೆಂಗಸರ ಕಥೆ ಕೇಳುತ್ತ ಬೆಳೆದವಳು ನಾನು. ನಮ್ಮಲ್ಲಿ ಆ ಹೋರಾಟ ಕಾವೇರಿದ ವರ್ಷ 1932. ಪಿಯರ್ಸ್ ದ್ವೀಪದ ಜೈಲಿನ ಬಾಗಿಲು ತೆರೆದದ್ದೂ 1932ರಲ್ಲೇ.

ಮೂರನೇ ದಿನ

ಥ್ರಮ್ಸ್ ಎಂಬುದು ಬ್ರಿಲಿಯಂಟಿನಿಂದ ನೆಲ್ಸನ್ ಕಡೆ ಹೋಗುವ ರಸ್ತೆಯಲ್ಲಿ ಕಣ್ಣು ಮಿಟುಕಿಸಿದರೆ ತಪ್ಪಿಹೋಗುವ ಊರು. ಕಾರು ಬದಿಗೆ ನಿಲ್ಲಿಸಿ ಇಳಿದೆ. ಲಾರಿಗಳು ಹಾದುಹೋಗುತ್ತಿದ್ದವು. 1932ರ ಮೇ ತಿಂಗಳಲ್ಲಿ ಇದೇ ರಸ್ತೆಯ ಮೇಲೆ ಗಂಡಸರು, ಹೆಂಗಸರು ಮೈಮೇಲೆ ನೂಲಿಲ್ಲದೆ ಹಾಡುತ್ತ ನಡೆದರು, ಪೊಲೀಸರು ಹಿಡಿದರು.

ಅವರು ದುಖೋಬೋರರಲ್ಲೇ ಒಂದು ಚಿಕ್ಕ ಪಂಗಡ. ತಮ್ಮನ್ನು ಸ್ವೊಬೋದ್ನಿಕಿ, ಅಂದರೆ ಬಿಡುಗಡೆಯವರು ಎಂದು ಕರೆದುಕೊಂಡವರು. ಪಂಥದವರು ಹಣ, ಯಂತ್ರ, ಸರ್ಕಾರಿ ಕಾಗದಪತ್ರಗಳಿಗೆ ಒಗ್ಗಿಕೊಳ್ಳುತ್ತಿದ್ದಾರೆ, ಕಾಕಸಸ್‌ನಲ್ಲಿ ಸುಟ್ಟ ಬೆಂಕಿ ಇಲ್ಲಿ ತಣ್ಣಗಾಗುತ್ತಿದೆ ಎಂಬುದು ಅವರ ಸಂಕಟ. ಸಾಸ್ಕಾಚೆವಾನಿನಲ್ಲಿ 1903ರಲ್ಲೇ ಬಟ್ಟೆ ಕಳಚಿ ನಡೆದಿದ್ದರು. ಆದಮ, ಈವರು ಪಾಪಕ್ಕೆ ಮೊದಲು ಇದ್ದ ಹಾಗೆ ಇರುವುದು, ನಮ್ಮಲ್ಲಿ ಕಿತ್ತುಕೊಳ್ಳಲು ಇನ್ನೇನೂ ಇಲ್ಲವೆಂದು ತೋರಿಸುವುದು, ಎರಡೂ ಅದರಲ್ಲಿ ಬೆರೆತಿತ್ತು. ಕನ್ನಡದಲ್ಲಿ ನಮಗೆ ಎರಡು ಮಾತುಗಳಿವೆ: ಬೆತ್ತಲೆ, ದಿಗಂಬರ. ಬೀದಿಯಲ್ಲಿ ನಿಂತವನಿಗೆ ಒಂದು, ಬೆಟ್ಟದ ಮೇಲೆ ನಿಂತವನಿಗೆ ಇನ್ನೊಂದು. ಥ್ರಮ್ಸ್ ರಸ್ತೆಯಲ್ಲಿ ನಡೆದವರಿಗೆ ಯಾವುದು ಸಲ್ಲುತ್ತದೆಂದು ಬಹಳ ಹೊತ್ತು ಯೋಚಿಸಿದೆ. ಕೆನಡಾದ ಅಪರಾಧ ಸಂಹಿತೆಗೆ ಈ ಯೋಚನೆ ಇರಲಿಲ್ಲ. 1931ರ ತಿದ್ದುಪಡಿ ಸಾರ್ವಜನಿಕವಾಗಿ ಬೆತ್ತಲಾದವರಿಗೆ ಮೂರು ವರ್ಷ ಶಿಕ್ಷೆ ಎಂದು ಬರೆಯಿತು. ಬರೆಯುವಾಗ ಇವರೇ ಕಣ್ಣ ಮುಂದಿದ್ದರು. ಸುಮಾರು 600 ಜನರಿಗೆ ಆ ಶಿಕ್ಷೆಯಾಯಿತು, ಗಂಡನಿಗೂ ಹೆಂಡತಿಗೂ.

ಹೀಗೆ ಮನೆಯಲ್ಲಿ ಉಳಿದ ಮಕ್ಕಳು 365. ಅವರನ್ನು ವ್ಯಾಂಕೂವರ್ ಕಡೆಯ ಅನಾಥಾಶ್ರಮಗಳಿಗೆ, ಸಾಕುಮನೆಗಳಿಗೆ, ಅಪರಾಧ ಮಾಡಿದ ಹುಡುಗರನ್ನು ಇಡುವ ಸುಧಾರಣಾ ಶಾಲೆಗಳಿಗೆ ಹಂಚಿದರು. ಇಂಗ್ಲಿಷ್ ಬಾರದ, ಮಾಂಸದ ವಾಸನೆ ಕಾಣದ ಮಕ್ಕಳು. ಸುಮಾರು ಒಂದು ವರ್ಷದ ಮೇಲೆ ಅವರನ್ನು ಕಣಿವೆಯ ಇತರ ದುಖೋಬೋರ್ ಮನೆಗಳಿಗೆ ಮರಳಿಸಲಾಯಿತು. ತಂದೆತಾಯಿ ಆಗಲೂ ದ್ವೀಪದಲ್ಲೇ ಇದ್ದರು.

ಇಲ್ಲಿ ನನ್ನ ಮನಸ್ಸಿನ ಮುಳ್ಳನ್ನೂ ಹೇಳಬೇಕು. ಈ ಪಂಗಡದವರು 1920ರ ದಶಕದಿಂದ ಶಾಲೆಗಳಿಗೆ ಬೆಂಕಿ ಇಟ್ಟರು. ಒಂದೆರಡಲ್ಲ, ಮತ್ತೆ ಮತ್ತೆ. ತಮ್ಮದೇ ಪಂಥದವರ ಮನೆ, ಕಾರ್ಖಾನೆಗಳನ್ನೂ ಬಿಡಲಿಲ್ಲ. ಮುಂದೆ ಸಿಡಿಮದ್ದಿನವರೆಗೂ ಹೋದರು. ಶಾಲೆಯಲ್ಲಿ ಬಾವುಟಕ್ಕೆ ವಂದನೆ, ಯುದ್ಧ ಗೆದ್ದವರ ಪಾಠ ಹೇಳಿಕೊಟ್ಟು ನಮ್ಮ ಮಕ್ಕಳನ್ನು ಸಿಪಾಯಿ ಮಾಡುತ್ತಾರೆ ಎಂಬ ಭಯ ಅವರದು. ಭಯ ನನಗೆ ಅರ್ಥವಾಗುತ್ತದೆ, ಬೆಂಕಿ ಅರ್ಥವಾಗುವುದಿಲ್ಲ. ಸೋರುವ ಮಾಡಿನ ಕೆಳಗೆ ಕಪ್ಪು ಹಲಗೆ ಒರೆಸಿ ಪಾಠ ಮಾಡಿದವಳಿಗೆ ಶಾಲೆ ಸುಡುವುದೆಂದರೆ ಮೈಗೆ ಬರೆ ಇಟ್ಟ ಹಾಗೆ. ಅವರನ್ನು ಸಂತರೆಂದು ನಾನು ಬರೆಯಲಾರೆ. ಆದರೆ ಬೆಂಕಿ ಇಟ್ಟವನನ್ನು ಹಿಡಿದು ಶಿಕ್ಷಿಸುವುದು ಬೇರೆ, ಏಳು ವರ್ಷದ ಮಗುವನ್ನು ಅದಕ್ಕೆ ಒತ್ತೆ ಇಟ್ಟುಕೊಳ್ಳುವುದು ಬೇರೆ.

ಒತ್ತೆ ಎಂಬ ಮಾತನ್ನು ಯಾಕೆ ಬಳಸಿದೆನೆಂದು ನ್ಯೂ ಡೆನ್ವರಿಗೆ ಹೋದರೆ ತಿಳಿಯುತ್ತದೆ. ಕ್ರೆಸ್ಟೋವಾ ಊರಿನ ತಿರುವು ದಾಟಿ ಸ್ಲೋಕನ್ ಕಣಿವೆಯಲ್ಲಿ ಉತ್ತರಕ್ಕೆ ಹೋದೆವು. ಕ್ರೆಸ್ಟೋವಾ ಈ ಪಂಗಡದವರ ಊರು, ಕ್ಯಾಮೆರಾ ಹಿಡಿದು ಮನೆ ಮನೆ ನೋಡಲು ಹೋಗುವ ಜಾಗವಲ್ಲ ಎಂದು ನಾವು ಒಳಗೆ ಹೋಗಲಿಲ್ಲ. ಸ್ಲೋಕನ್ ಸರೋವರ ಉದ್ದಕ್ಕೂ ಕಡುನೀಲಿ, ಆಚೆ ದಡದಲ್ಲಿ ನೆತ್ತಿಯ ಮೇಲೆ ಹಿಮ ಇರುವ ಬೆಟ್ಟ. ನ್ಯೂ ಡೆನ್ವರ್ ಅಷ್ಟು ಚೆಂದದ ಊರು. ಎರಡನೇ ಮಹಾಯುದ್ಧದಲ್ಲಿ ಜಪಾನೀ ಮೂಲದ ಕೆನಡಿಯನ್ನರನ್ನು ಕರಾವಳಿಯಿಂದ ಎಬ್ಬಿಸಿ ಕೂಡಿ ಹಾಕಿದ್ದೂ ಇಲ್ಲೇ. ಅವರ ಗುಡಿಸಲುಗಳನ್ನು ಈಗ ಸ್ಮಾರಕ ಮಾಡಿದ್ದಾರೆ. ಅವರ ಕ್ಷಯರೋಗಿಗಳಿಗಾಗಿ ಕಟ್ಟಿದ್ದ ಆಸ್ಪತ್ರೆಗೆ 1953ರಲ್ಲಿ ದುಖೋಬೋರ್ ಮಕ್ಕಳು ಬಂದರು.

ಆ ವರ್ಷದ ಸೆಪ್ಟೆಂಬರಿನಲ್ಲಿ ಪೆರ್ರಿ ಸೈಡಿಂಗ್ ಎಂಬಲ್ಲಿ ಡೇರೆ ಹಾಕಿದ್ದ ಜನರನ್ನು ಪೊಲೀಸರು ಹಿಡಿದರು, ನೂರಕ್ಕೂ ಹೆಚ್ಚು ಮಕ್ಕಳನ್ನು ಬಸ್ಸು ಹತ್ತಿಸಿದರು. ಆಮೇಲೆ ಶಾಲೆಗೆ ಹೋಗದ ಏಳರಿಂದ ಹದಿನೈದು ವರ್ಷದ ಮಕ್ಕಳನ್ನು ಮನೆ ಮನೆಗೆ ನುಗ್ಗಿ ಹುಡುಕಿದರು. ಆರು ವರ್ಷಗಳಲ್ಲಿ ಹೀಗೆ ಸುಮಾರು 200 ಮಕ್ಕಳು ಇಲ್ಲಿದ್ದರು. ತಿಂಗಳಿಗೆ ಎರಡು ಭಾನುವಾರ ತಂದೆತಾಯಿ ನೋಡಬಹುದಿತ್ತು. 1956ರಲ್ಲಿ ಸುತ್ತ ತಂತಿ ಬೇಲಿ ಎದ್ದಿತು. ಅಲ್ಲಿಂದಾಚೆ ತಾಯಿ ಬೇಲಿಯ ಹೊರಗೆ, ಮಗು ಒಳಗೆ. ತಂತಿಯ ಕಣ್ಣಿನಲ್ಲಿ ತುಟಿ ಇಟ್ಟು ಮುತ್ತು ಕೊಟ್ಟರು. ಹಿಂದೆ ತಂದೆತಾಯಿಯರಿಗೆ ಶಿಕ್ಷೆಯಾದ್ದರಿಂದ ಮಕ್ಕಳು ಬೇರೆಯಾದರು. ಇಲ್ಲಿ ತಂದೆತಾಯಿಯರನ್ನು ಬಗ್ಗಿಸಲೆಂದೇ ಮಕ್ಕಳನ್ನು ಬೇರೆ ಮಾಡಿದರು. ಪಿಯರ್ಸ್ ದ್ವೀಪ ಸರ್ಕಾರಕ್ಕೆ ಕಲಿಸಿದ ಪಾಠ ಇದೇ ಎಂದು ನಾನು ನಂಬುತ್ತೇನೆ.

ಸರೋವರದ ದಂಡೆಯಲ್ಲಿ ಮೊಮ್ಮಗ ಕಲ್ಲು ಎಸೆದು ನೀರಿನ ಮೇಲೆ ಕುಪ್ಪಳಿಸುವಂತೆ ಮಾಡುತ್ತಿದ್ದ. ಎಷ್ಟು ಕುಪ್ಪಳ ಎಂದು ಇಂಗ್ಲಿಷಿನಲ್ಲಿ ಎಣಿಸುತ್ತಿದ್ದವನು ನನ್ನನ್ನು ಕಂಡು ಕನ್ನಡಕ್ಕೆ ಬದಲಿಸಿದ. ಆರರ ನಂತರ ಎಂಟು ಎಂದ. ತಿದ್ದಲಿಲ್ಲ.

ನಾಲ್ಕನೇ ದಿನ

ನೆಲ್ಸನ್. ಕಲ್ಲಿನ ಕಟ್ಟಡಗಳ, ಇಳಿಜಾರು ಬೀದಿಗಳ ಊರು. ಇಲ್ಲಿನ ನ್ಯಾಯಾಲಯದ ಮೆಟ್ಟಿಲ ಬಳಿ ಸ್ವಲ್ಪ ಹೊತ್ತು ಕುಳಿತೆ. 1959ರ ಬೇಸಿಗೆಯಲ್ಲಿ ತಾಯಂದಿರು ನೆಲ್ಸನ್ನಿನ ನ್ಯಾಯಾಧೀಶರ ಮುಂದೆ, ಮಕ್ಕಳನ್ನು ಶಾಲೆಗೆ ಕಳುಹಿಸುತ್ತೇವೆಂದು ಮಾತು ಕೊಟ್ಟು, ಅವರನ್ನು ನ್ಯೂ ಡೆನ್ವರಿನಿಂದ ಮನೆಗೆ ಕರೆದುಕೊಂಡು ಹೋದರು.

ಅಳಿಯಂದಿರು ಒಂದು ಮಾತು ಕೇಳಿದರು: ಇಷ್ಟೆಲ್ಲ ನಡೆಯುವಾಗ ಇವರು ಯಾರಿಗೂ ಮತ ಹಾಕಿ ಬುದ್ಧಿ ಕಲಿಸಲಾಗಲಿಲ್ಲವೇ? ಬ್ರಿಟಿಷ್ ಕೊಲಂಬಿಯಾ 1919ರಲ್ಲೇ ದುಖೋಬೋರರ ಮತದಾನದ ಹಕ್ಕನ್ನು ಕಿತ್ತುಕೊಂಡಿತ್ತು. ಮರಳಿ ಸಿಕ್ಕಿದ್ದು 1950ರ ದಶಕದಲ್ಲಿ. ಇದೇ ಪ್ರಾಂತ್ಯ ಭಾರತೀಯರಿಗೆ 1907ರಿಂದ 1947ರವರೆಗೆ ಮತದ ಹಕ್ಕು ಕೊಟ್ಟಿರಲಿಲ್ಲ. ಮಗಳು, ಅಳಿಯ ಇಬ್ಬರೂ ಇಲ್ಲಿನ ಪೌರರು, ಚುನಾವಣೆ ಬಂದಾಗಲೆಲ್ಲ ಮತ ಹಾಕುತ್ತಾರೆ. ಅವರಿಗೆ ಈ ವರ್ಷಗಳು ಗೊತ್ತಿರಲಿಲ್ಲ. ಸಂಜೆಯವರೆಗೂ ಅದೇ ಮಾತು.

ಐದನೇ ದಿನ

ದಿನವಿಡೀ ಕಾರು. ಕೈದಿಗಳನ್ನು ಇದೇ ದಿಕ್ಕಿನಲ್ಲಿ ರೈಲಿನಲ್ಲಿ ಕರಾವಳಿಗೆ ತಂದರು. ಒಳನಾಡಿನ ಒಣ ಗಾಳಿ ಹೋಗಿ ಹೋಪ್ ಹತ್ತಿರ ಹಸಿ ಗಾಳಿ ಮುಖಕ್ಕೆ ಬಡಿದಾಗ, ಅವರಿಗೂ ಹೀಗೇ ಬಡಿದಿರಬೇಕು ಎನಿಸಿತು.

ಸಂಜೆ ನ್ಯೂ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಳಿದೆವು. 1878ರಿಂದ 1980ರವರೆಗೆ ಇಲ್ಲಿ ಒಕ್ಕೂಟ ಸರ್ಕಾರದ ದೊಡ್ಡ ಸೆರೆಮನೆ ಇತ್ತು. ಈಗ ಆ ಜಾಗದಲ್ಲಿ ವಸತಿ ಕಟ್ಟಡಗಳು, ಹಳೆಯ ದ್ವಾರದ ಕಟ್ಟಡ ಉಳಿದಿದೆ. ಕೆನಡಾದಲ್ಲಿ ಎರಡು ವರ್ಷಕ್ಕಿಂತ ಕಡಿಮೆ ಶಿಕ್ಷೆಯಾದರೆ ಪ್ರಾಂತ್ಯದ ಜೈಲು, ಎರಡು ವರ್ಷ ಮೇಲ್ಪಟ್ಟರೆ ಒಕ್ಕೂಟದ ಸೆರೆಮನೆ. ಮೂರು ವರ್ಷದ ಶಿಕ್ಷೆ ಬರೆದ ಮೇಲೆ 600 ಜನರನ್ನು ಇಲ್ಲಿಗೆ ತರಬೇಕಾಗಿತ್ತು. ಅಷ್ಟು ಜನರಿಗೆ, ಅದರಲ್ಲೂ ಅಷ್ಟು ಹೆಂಗಸರಿಗೆ ಇಲ್ಲಿ ಜಾಗವಿರಲಿಲ್ಲ. ಬಟ್ಟೆ ಕಳಚಿದವರಿಗಾಗಿ ದೇಶ ಒಂದು ಹೊಸ ಜೈಲನ್ನೇ ಕಟ್ಟಬೇಕಾಯಿತು. ಅದಕ್ಕೆ ಹುಡುಕಿದ್ದು ನೀರಿನ ನಡುವಿನ ನೆಲ.

ಆರನೇ ದಿನ

ಬೆಳಿಗ್ಗೆ ಟ್ಸವಾಸನ್ ಬಂದರಿನಿಂದ ಫೆರ್ರಿ. ಆಕ್ಟಿವ್ ಪಾಸ್ ಎಂಬ ಇಕ್ಕಟ್ಟಿನ ಜಲಮಾರ್ಗದಲ್ಲಿ ಎರಡೂ ಕಡೆಯ ದ್ವೀಪಗಳು ಕೈಗೆಟಕುವಷ್ಟು ಹತ್ತಿರ ಬಂದವು. ಒಂದೂವರೆ ತಾಸು ಕಳೆದ ಮೇಲೆ ಸ್ವಾರ್ಟ್ಸ್ ಬೇ. ಬಂದರಿನಲ್ಲಿ ನಿಂತರೆ ಎದುರಿಗೇ ಪಿಯರ್ಸ್ ದ್ವೀಪ. ಅಷ್ಟು ಹತ್ತಿರ ಇರುತ್ತದೆಂದು ನಾನು ಎಣಿಸಿರಲಿಲ್ಲ. ಜೈಲು ಎಂದರೆ ಕಣ್ಣಿಗೆ ಕಾಣದಷ್ಟು ದೂರದ ಕಲ್ಲುಬಂಡೆ, ಅಪ್ಪಳಿಸುವ ಅಲೆ ಎಂದು ಚಿತ್ರಿಸಿಕೊಂಡಿದ್ದೆ. ಇದು ನೂರು ಹೆಕ್ಟೇರ್ ಆಸುಪಾಸಿನ, ಮರ ತುಂಬಿದ, ತಗ್ಗಾದ, ಸೌಮ್ಯವಾದ ದ್ವೀಪ. ಈಗ ಅಲ್ಲಿ ಖಾಸಗಿ ಮನೆಗಳಿವೆ, ಸಾರ್ವಜನಿಕ ಫೆರ್ರಿ ಇಲ್ಲ. ನಿವಾಸಿಗಳು ತಮ್ಮ ದೋಣಿಗಳಲ್ಲಿ ಹೋಗಿಬರುತ್ತಾರೆ. ಪರಿಚಯದವರಿಲ್ಲದೆ ಇಳಿಯುವುದು ಸರಿಯಲ್ಲ. ಹಾಗಾಗಿ ಸಾಲ್ಟ್ ಸ್ಪ್ರಿಂಗ್ ದ್ವೀಪದ ಫುಲ್‌ಫರ್ಡಿಗೆ ಹೋಗುವ ಸಣ್ಣ ಫೆರ್ರಿ ಹತ್ತಿದೆವು. ಅದು ಪಿಯರ್ಸ್ ಸಮೀಪದಲ್ಲೇ ಹಾದುಹೋಗುತ್ತದೆ.

ಮೇಲಿನ ಅಟ್ಟದ ಕಂಬಿ ಹಿಡಿದು ನಿಂತೆ. ದಡದಲ್ಲಿ ಅರ್ಬ್ಯೂಟಸ್ ಮರಗಳು ನೀರಿನ ಕಡೆ ಬಾಗಿದ್ದವು. ಪೇರಲೆ ಮರದ ಹಾಗೆ ತೊಗಟೆ ತಾನೇ ಸುಲಿದುಕೊಂಡು ಒಳಗಿನ ನುಣುಪು ಮೈ ತೋರಿಸುವ ಮರ. ಸುಲಿದ ಕಡೆ ಕೆಂಪು, ಇನ್ನೊಂದು ಕಡೆ ಎಳೆ ಹಸಿರು. ಅವುಗಳ ಹಿಂದೆ ಮನೆಗಳ ಗಾಜಿನ ಕಿಟಕಿ, ಬಿಳಿ ದೋಣಿ, ಒಣಗಲು ಹಾಕಿದ ಬಟ್ಟೆ. ಜೈಲಿನ ಕುರುಹು ಏನೂ ನಮಗೆ ಕಾಣಲಿಲ್ಲ. ಅದೆಲ್ಲ ಮರದ ಹಲಗೆಯಿಂದ ಎಬ್ಬಿಸಿದ್ದ ಶೆಡ್ಡುಗಳು, ಸುತ್ತ ಎತ್ತರದ ಬೇಲಿ. ಗಂಡಸರ ಆವರಣ ಒಂದು ಕಡೆ, ಹೆಂಗಸರ ಆವರಣ ಇನ್ನೊಂದು ಕಡೆ. ಒಂದೇ ದ್ವೀಪದಲ್ಲಿದ್ದೂ ಗಂಡ ಹೆಂಡತಿ ಬೇರೆ ಬೇರೆ. ಕೆಲಸ ಮಾಡೆವೆಂದು ಕೂತರು, ಉಪವಾಸ ಮಾಡಿದರು. 1934ರ ಕೊನೆಯಿಂದ ಒಬ್ಬೊಬ್ಬರನ್ನಾಗಿ ಬಿಡುತ್ತ ಬಂದು, 1935ರಲ್ಲಿ ಜೈಲನ್ನು ಮುಚ್ಚಿದರು.

ಹಾಡದೆ ಇರುವ ದುಖೋಬೋರರನ್ನು ನಾನು ಊಹಿಸಿಕೊಳ್ಳಲಾರೆ. ಈ ನೀರು ಸಂಜೆ ಹೊತ್ತು ಕನ್ನಡಿಯ ಹಾಗೆ ನಿಲ್ಲುತ್ತದಂತೆ. ಅಂಥ ನೀರಿನ ಮೇಲೆ ಧ್ವನಿ ಬಹಳ ದೂರ ಹೋಗುತ್ತದೆ, ಶರಾವತಿಯ ಹಿನ್ನೀರಿನಲ್ಲಿ ಅದನ್ನು ಕೇಳಿ ಗೊತ್ತು. ಹೆಂಗಸರ ಆವರಣದಿಂದ ಎದ್ದ ಕೀರ್ತನೆ ಗಂಡಸರ ಆವರಣಕ್ಕೂ ಕೇಳಿರಬೇಕು. ಅದಕ್ಕಿಂತ ದೂರ ಹೋಗಿರಲಾರದು.

ಮೊಮ್ಮಗ ಬಂದು ನನ್ನ ಸೆರಗು ಹಿಡಿದು ನಿಂತ. ಐದು ದಿನದಿಂದ ದೊಡ್ಡವರ ಮಾತಿನ ತುಣುಕುಗಳನ್ನು ಕೇಳಿಸಿಕೊಂಡಿದ್ದನೆಂದು ಕಾಣುತ್ತದೆ. "ಅಜ್ಜಿ, ಅಪ್ಪ ಅಮ್ಮ ಎಲ್ಲ ಇಲ್ಲಿದ್ದರಲ್ಲ, ಮಕ್ಕಳು ಯಾವ ಕಡೆ ಇದ್ದರು?" ಎಂದು ಕೇಳಿದ. ವ್ಯಾಂಕೂವರ್ ಇರುವುದು ಈಶಾನ್ಯಕ್ಕೆ. ಆ ಕಡೆ ಕೈ ತೋರಿಸಿದೆ. ಅವನು ಕಂಬಿಯ ಸಂದಿನಲ್ಲಿ ಮುಖ ಇಟ್ಟು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದ. ಅಲ್ಲಿ ಪೆಂಡರ್, ಮೇನ್ ದ್ವೀಪಗಳ ಗುಡ್ಡಗಳು ಒಂದರ ಹಿಂದೆ ಒಂದು ಅಡ್ಡ ನಿಂತಿದ್ದವು.

"ಕಾಣುವುದಿಲ್ಲ" ಎಂದ.